ಮುತ್ತಿಗೆ ರಿಮೋಟು, ಮಚ್ಚಿಗೆ ಸೀಟಿ

ಹೋದ ತಿಂಗಳು ಸವಣೂರಿನ ಗೆಳೆಯನ ಮನೆಗೆ ಹೋಗಿದ್ದೆವು. ರಾತ್ರಿ ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಟಿವಿ ಮುಂದೆ ಕೂತಿದ್ದರು. ಗೋಡೆಗೆ ಒರಗಿ ಅಜ್ಜ, ಅಡುಗೆಮನೆ ಬಾಗಿಲಲ್ಲಿ ಗೆಳೆಯನ ಅವ್ವ, ಅವರ ಹಿಂದೆ ಹೊಸದಾಗಿ ಬಂದ ಸೊಸೆ, ನೆಲದ ಮೇಲೆ ಶಾಲೆಗೆ ಹೋಗುವ ಇಬ್ಬರು ಹುಡುಗರು. ಸಿನಿಮಾದ ನಾಯಕ ಒಬ್ಬನೇ ಇಪ್ಪತ್ತು ಮೂವತ್ತು ಮಂದಿಯನ್ನು ಕಡಿದು ಹಾಕುತ್ತಿದ್ದ. ಹುಡುಗರು ಸೀಟಿ ಹೊಡೆದರು. ಅಜ್ಜ ಆರಾಮಾಗಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು.

ಹತ್ತು ನಿಮಿಷದ ಮೇಲೆ ಅದೇ ನಾಯಕ ನಾಯಕಿಯ ಮುಖದ ಹತ್ತಿರ ಮುಖ ತಂದ. ಪಡಸಾಲೆ ಒಮ್ಮೆಗೇ ಗಪ್ ಆಯಿತು. ಅವ್ವ ನೀರು ತರುವ ನೆವದಲ್ಲಿ ಎದ್ದರು. ಸೊಸೆ ಒಳಗೆ ಹೋದಳು. ಗೆಳೆಯನ ಅಪ್ಪ, "ಏ ತಮ್ಮಾ, ಆ ರಿಮೋಟ್ ಕೊಡು, ನ್ಯೂಸ್ ಹಚ್ಚು" ಅಂದರು. ನ್ಯೂಸಿನಲ್ಲಿ ಯಾವುದೋ ಊರಿನ ಕೊಲೆಯ ಸಿಸಿಟಿವಿ ದೃಶ್ಯವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ತೋರಿಸುತ್ತಿದ್ದರು. ಅದನ್ನು ಯಾರೂ ಬದಲಿಸಲಿಲ್ಲ. ಅವ್ವ ನೀರು ತಂದು ಮತ್ತೆ ಕೂತರು.

ಇದು ಆ ಮನೆಯ ಕಥೆಯಷ್ಟೇ ಅಲ್ಲ, ನಮ್ಮ ಮನೆಗಳ ಕಥೆಯೂ ಹೌದು. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಮುತ್ತು ಕಂಡರೆ ನಾಚುವ ನಾವು ಮಚ್ಚು ಕಂಡರೆ ಯಾಕೆ ನಾಚುವುದಿಲ್ಲ? ಮೊದಲಿನಿಂದಲೂ ಹೀಗೇ ಇತ್ತೇ? ಎಲ್ಲ ದೇಶದಲ್ಲೂ ಹೀಗೇ ಇದೆಯೇ? ಇದನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಲ್ಲಿನಲ್ಲಿ ಬರೆದದ್ದು

ನಮ್ಮ ಭಾಗದ ಹಳೆಯ ಚಿತ್ರಗಳು ಅಂದರೆ ಕಲ್ಲುಗಳು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ಅಲ್ಲಿನ ವೀರಗಲ್ಲುಗಳನ್ನು ನೋಡಿರುತ್ತೀರಿ. ಹಾವೇರಿ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಹನುಮಪ್ಪನ ಗುಡಿ ಪಕ್ಕ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಇಂಥ ಕಲ್ಲು ನಿಂತಿವೆ. ಕೆಲವೆಡೆ ಅರ್ಧ ಹೂತುಹೋಗಿವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಜಗಳ: ಬಿಲ್ಲು, ಕತ್ತಿ, ಕುದುರೆ, ಬಿದ್ದ ಹೆಣ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಆತ ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಶಾಸನ ಇದ್ದರೆ ಯಾಕೆ ಸತ್ತ ಎಂದೂ ಬರೆದಿರುತ್ತಾರೆ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನತ್ತಿ ಸತ್ತ, ಊರಿಗೆ ಮುತ್ತಿಗೆ ಬಿದ್ದಾಗ ಸತ್ತ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತ.

ಅಂದರೆ ಹೊಡೆದಾಟವನ್ನು ನಮ್ಮ ಹಿರಿಯರು ಮುಚ್ಚಿಡಲಿಲ್ಲ. ಮಕ್ಕಳು ಓಡಾಡುವ ಜಾಗದಲ್ಲೇ ನಿಲ್ಲಿಸಿದರು. ಆದರೆ ಕಲ್ಲು ನಿಲ್ಲಿಸಿದ್ದು ಕೊಂದವನಿಗಲ್ಲ, ಸತ್ತವನಿಗೆ. ಎಷ್ಟು ಮಂದಿಯನ್ನು ಕಡಿದ ಅನ್ನುವುದಕ್ಕಿಂತ ಯಾರಿಗೋಸ್ಕರ ಜೀವ ಕೊಟ್ಟ ಅನ್ನುವುದೇ ಅಲ್ಲಿ ಮುಖ್ಯ.

ಇನ್ನು ಕಾಮ. ಹಿರೇಕೆರೂರು ದಾಟಿ ಶಿರಾಳಕೊಪ್ಪದ ಕಡೆ ಹೋದರೆ ಬಳ್ಳಿಗಾವಿ ಸಿಗುತ್ತದೆ. ಅಲ್ಲಿನ ತ್ರಿಪುರಾಂತಕೇಶ್ವರ ಗುಡಿಯ ಹೊರಗೋಡೆಗೆ ಗಂಡು ಹೆಣ್ಣಿನ ಕೂಟದ ಶಿಲ್ಪಗಳಿವೆ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಲ್ಲಿ ಇಂಥ ಶಿಲ್ಪ ಕಡಿಮೆ. ಇಲ್ಲಿ ಇವೆ, ಆದರೆ ಸಣ್ಣ ಪಟ್ಟಿಯಲ್ಲಿ, ಗೇಣಿಗಿಂತ ಚಿಕ್ಕವು. ಬಗ್ಗಿ ನೋಡಿದವರಿಗಷ್ಟೇ ಕಾಣುತ್ತವೆ. ದೇವರಿಗೆ ಕೈಮುಗಿದು ಹೋಗುವವರಿಗೆ ಅಡ್ಡಿಯಿಲ್ಲ.

ಹೊಡೆದಾಟ ದೊಡ್ಡದಾಗಿ, ಕಾಮ ಸಣ್ಣದಾಗಿ. ಎರಡರ ಅಳತೆಯಲ್ಲಿ ಫರಕು ಆಗಲೂ ಇತ್ತು. ಆದರೆ ಎರಡೂ ಬಯಲಿನಲ್ಲೇ ಇದ್ದವು, ಎರಡಕ್ಕೂ ತಮ್ಮ ತಮ್ಮ ಜಾಗ ಇತ್ತು.

ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಎನ್ನಿಸಬಹುದು. ಅಶ್ಲೀಲ ಚಿತ್ರ, ಪುಸ್ತಕ ಮಾರುವುದು ಅಪರಾಧ ಎನ್ನುವ ನಮ್ಮ ದೇಶದ ಕಾನೂನು, ಗುಡಿಯ ಮೇಲಿನ ಮತ್ತು ಪುರಾತನ ಸ್ಮಾರಕಗಳ ಮೇಲಿನ ಶಿಲ್ಪಗಳಿಗೆ ವಿನಾಯಿತಿ ಕೊಟ್ಟಿದೆ. ಭಾರತೀಯ ದಂಡ ಸಂಹಿತೆಯ 292ನೇ ಕಲಮಿನಲ್ಲಿ ಈ ಮಾತಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ.

ಅತ್ತೆ ಸೊಸೆ ಕೂಡಿ ನೋಡುವ ಆಟ

ಪಡಸಾಲೆಯ ಆ ಮುಜುಗರ ಎಷ್ಟು ಹಳೆಯದು ಗೊತ್ತೇ? ಸುಮಾರು ಎರಡು ಸಾವಿರ ವರ್ಷದಷ್ಟು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ರಂಗದ ಮೇಲೆ ಏನನ್ನು ತೋರಿಸಬಾರದು ಎಂಬ ಪಟ್ಟಿಯೇ ಇದೆ. ಮುತ್ತಿಡುವುದು, ಅಪ್ಪಿಕೊಳ್ಳುವುದು, ಕೂಡಿ ಮಲಗುವುದು ಬೇಡ ಅನ್ನುತ್ತದೆ. ಅದಕ್ಕೆ ಕೊಟ್ಟ ಕಾರಣ ಕೇಳಿ: ನಾಟಕವನ್ನು ಅಪ್ಪ, ಮಗ, ಅತ್ತೆ, ಸೊಸೆ ಒಟ್ಟಿಗೆ ಕೂತು ನೋಡುತ್ತಾರೆ. ಅದು ಪಾಪ ಅಂತಲೋ ಹೊಲಸು ಅಂತಲೋ ಹೇಳಲಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಅಲ್ಲಿಯ ಲೆಕ್ಕ.

ಅದೇ ಶಾಸ್ತ್ರ ಯುದ್ಧ, ಸಾವು, ಊರಿಗೆ ಮುತ್ತಿಗೆ ಹಾಕುವುದನ್ನೂ ಕಣ್ಣೆದುರು ತೋರಿಸಬಾರದು ಎಂದಿತು. ಆದದ್ದನ್ನು ಪಾತ್ರಗಳು ಬಂದು ಹೇಳಿದರೆ ಸಾಕು. ಅಂದರೆ ಮುತ್ತಿಗೂ ಮಚ್ಚಿಗೂ ಒಂದೇ ತಕ್ಕಡಿ.

ನಮ್ಮ ಊರಿನ ಆಟಗಳು ಈ ಶಾಸ್ತ್ರವನ್ನು ಕೇಳಿ ಹುಟ್ಟಿದವಲ್ಲ. ದೊಡ್ಡಾಟದಲ್ಲಿ ಯುದ್ಧ ಇಲ್ಲದಿದ್ದರೆ ಆಟವೇ ಇಲ್ಲ. ಬಬ್ರುವಾಹನ, ಐರಾವಣ ಮೈರಾವಣ, ಕೀಚಕ ವಧೆ, ಎಲ್ಲದರಲ್ಲೂ ಹೊಡೆದಾಟವೇ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ವೇಷಗಳು ಕುಣಿದರೆ ಹಲಗೆ ಅಟ್ಟ ಗಡಗಡ ನಡುಗಬೇಕು. ಆದರೆ ಅಲ್ಲಿ ರಕ್ತ ಇಲ್ಲ. ಕತ್ತಿಗೆ ಕತ್ತಿ ತಾಗುವುದು ತಾಳಕ್ಕೆ ಸರಿಯಾಗಿ. ಸತ್ತ ಪಾತ್ರಧಾರಿ ಸ್ವಲ್ಪ ಹೊತ್ತಿನ ಮೇಲೆ ಅಟ್ಟದ ಹಿಂದೆ ಚಾ ಕುಡಿಯುತ್ತ ಕೂತಿರುವುದನ್ನು ಮಕ್ಕಳೇ ನೋಡಿ ಬರುತ್ತಿದ್ದರು. ಶಿಗ್ಗಾವಿ ಕಡೆಯ ಡಾ. ಟಿ. ಬಿ. ಸೊಲಬಕ್ಕನವರ ಅವರು ಇಡೀ ರಾತ್ರಿಯ ದೊಡ್ಡಾಟವನ್ನು ಕೆಲವೇ ತಾಸಿಗೆ ಇಳಿಸಿ ಹೊಸ ಕಾಲದವರಿಗೆ ತಲುಪಿಸಲು ದುಡಿದರು. ಅವರು ಕಟ್ಟಿದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋದವರು ಅಂದಿನ ಹಳ್ಳಿ ಬದುಕನ್ನು ಮೂರ್ತಿಗಳಲ್ಲಿ ನೋಡಬಹುದು.

ದೊಡ್ಡಾಟದ ತಮ್ಮ ಸಣ್ಣಾಟ. ಅದು ದೇವರ ಕಥೆ ಬಿಟ್ಟು ಮನುಷ್ಯರ ಕಥೆಗೆ ಇಳಿಯಿತು. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಸಂಗ್ಯಾ ಬಾಳ್ಯಾ. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಘಟನೆಯ ಮೇಲೆ ಕಟ್ಟಿದ ಆಟ. ಸಾಹುಕಾರ ಸಂಗ್ಯಾ ಗೆಳೆಯನ ಹೆಂಡತಿ ಗಂಗಿಯನ್ನು ಮೋಹಿಸುತ್ತಾನೆ. ಬಾಳ್ಯಾ ನಡುವೆ ನಿಲ್ಲುತ್ತಾನೆ, ಕೊನೆಗೆ ಗೆಳೆಯನ ಕೈಬಿಡುತ್ತಾನೆ. ಗಂಗಿಯ ಗಂಡ ಈರಣ್ಣ ತನ್ನ ತಮ್ಮಂದಿರ ಜತೆ ಸೇರಿ ಸಂಗ್ಯಾನನ್ನು ಕೊಲ್ಲುತ್ತಾನೆ.

ಹಾದರವೂ ಇದೆ, ಕೊಲೆಯೂ ಇದೆ. ಇವತ್ತಿನ ಸಿನಿಮಾಕ್ಕೆ ಬೇಕಾದದ್ದೆಲ್ಲ ಇದೆ. ಆದರೂ ಇಡೀ ಊರು ಬೆಳಗಿನ ತನಕ ಕೂತು ನೋಡುತ್ತಿತ್ತು. ಮೋಹದ ಮಾತು ಹಾಡಿನಲ್ಲಿ ಬರುತ್ತಿತ್ತು, ಅರ್ಥ ಆದವರು ನಗುತ್ತಿದ್ದರು, ಆಗದ ಮಕ್ಕಳು ಅಲ್ಲೇ ನಿದ್ದೆ ಹೋಗುತ್ತಿದ್ದರು. ಕೊಲೆ ಬಂದಾಗ ಮಾತ್ರ ಸೀಟಿ ಬೀಳುತ್ತಿರಲಿಲ್ಲ. ನಮಗೆ ಈ ಮಾತು ಹೇಳಿದ ಒಬ್ಬ ಹಿರಿಯರು, "ಸಂಗ್ಯಾ ಸಾಯೂ ಹೊತ್ತಿಗೆ ಹೆಣ್ಮಕ್ಳು ಅಳತಿದ್ರು ನೋಡ್ರಿ, ತಪ್ಪು ಅವಂದs ಅಂತ ಗೊತ್ತಿದ್ರೂ ಅಳತಿದ್ರು" ಅಂದರು. ಮರುದಿನ ಹೊಲದಲ್ಲಿ ಕಳೆ ತೆಗೆಯುವಾಗ ತಪ್ಪು ಯಾರದು ಎಂದು ವಾದ ನಡೆಯುತ್ತಿತ್ತಂತೆ. ಸಂಗ್ಯಾನದೋ, ಬಾಳ್ಯಾನದೋ, ಗಂಗಿಯದೋ, ಈರಣ್ಣನದೋ?

ಜೋಕುಮಾರ, ಕಾಮಣ್ಣ, ಕರ್ಬಲಾ

ವರ್ಷದಲ್ಲಿ ಕೆಲವು ದಿನ ಈ ಎರಡೂ ವಿಷಯ ಬೀದಿಗೇ ಬರುತ್ತಿದ್ದವು. ಈಗಲೂ ಬರುತ್ತವೆ.

ಗಣಪ್ಪ ಹೋದ ಬೆನ್ನಿಗೆ ಜೋಕುಮಾರ ಬರುತ್ತಾನೆ. ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಆತನ ಗಂಡಸುತನವನ್ನು ಮುಚ್ಚಿಡುವುದಿಲ್ಲ, ಎದ್ದು ಕಾಣುವಂತೆಯೇ ಮಾಡಿರುತ್ತಾರೆ. ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಂದು ಹಾಡುವವರು ಹೆಣ್ಣುಮಕ್ಕಳು. ಮನೆಯವರು ಮೊರದಲ್ಲಿ ಜೋಳ ಕೊಡುತ್ತಾರೆ. ಅವರು ಕೊಟ್ಟ ಬೇವಿನ ಸೊಪ್ಪನ್ನು ಹೊಲಕ್ಕೆ ಹಾಕಿದರೆ ಬೆಳೆ ಚಲೋ ಅನ್ನುವ ನಂಬಿಕೆ. ಆತನ ಆಯುಷ್ಯ ಏಳೇ ದಿನ. ಕಂಡವರ ಹೆಣ್ಣುಮಕ್ಕಳ ಮೇಲೆ ಕಣ್ಣು ಹಾಕಿದ್ದಕ್ಕೆ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಮಳೆ ತರುವ ದೇವರೂ ಆತನೇ, ತಪ್ಪು ಮಾಡಿ ಏಟು ತಿನ್ನುವವನೂ ಆತನೇ.

ಹೋಳಿಯಲ್ಲಿ ಪೋಲಿ ಹಾಡು, ಪೋಲಿ ಬೈಗುಳ ನಡೆಯುತ್ತದೆ. ನಮ್ಮದೇ ಜಿಲ್ಲೆಯ ರಾಣೇಬೆನ್ನೂರಿನಲ್ಲಿ ಜೀವಂತ ರತಿ ಕಾಮಣ್ಣರನ್ನು ಕೂಡಿಸುತ್ತಾರೆ. ಕೂತವರು ನಗುವಂತಿಲ್ಲ. ನಗಿಸಲು ಜನ ಏನೇನೋ ಮಾತಾಡುತ್ತಾರೆ. ಬೇರೆ ದಿನ ಆಡಿದರೆ ಹಲ್ಲು ಉದುರುವ ಮಾತು ಅಲ್ಲಿ ನಗೆಯಾಗುತ್ತದೆ. ಕಾಮಣ್ಣನನ್ನು ಸುಟ್ಟು ಮನೆಗೆ ಬಂದರೆ ಮತ್ತೆ ಮುಂದಿನ ವರ್ಷದ ತನಕ ಬಾಯಿ ಬಂದ್.

ಸವಣೂರು ನವಾಬರ ಊರು. ಇಲ್ಲಿ ಮೊಹರಂ ಗೊತ್ತಿಲ್ಲದವರಿಲ್ಲ. ನಮ್ಮ ಭಾಗದಲ್ಲಿ ಅಲಾಯಿ ದೇವರ ಮುಂದೆ ಹಿಂದೂಗಳು ಮುಸ್ಲಿಮರು ಕೂಡಿ ಕನ್ನಡದಲ್ಲೇ ಕರ್ಬಲಾದ ರಿವಾಯತ್ ಪದ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಹುಸೇನರನ್ನೂ ಅವರ ಮನೆಯವರನ್ನೂ ಕೊಂದ ಕಥೆ ಅದು. ಹಿಂಸೆಯೇ ಆ ಹಾಡಿನ ವಸ್ತು. ಆದರೆ ಅಲ್ಲಿ ಕೊಂದವನಿಗೆ ಜೈಕಾರ ಇಲ್ಲ. ನೀರು ಸಿಗದೆ ಒದ್ದಾಡಿದವರಿಗಾಗಿ ದುಃಖ ಇದೆ.

ಹಳೆಯದೆಲ್ಲ ಬಂಗಾರ ಎಂದು ನಾವು ಹೇಳುತ್ತಿಲ್ಲ. ವೀರಗಲ್ಲಿನ ಪಕ್ಕದಲ್ಲೇ ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಗಲ್ಲೂ ಇರುತ್ತದೆ. ಗಂಡನ ಜತೆ ಬೆಂಕಿಗೆ ಹೋದ ಹೆಣ್ಣಿನ ಕಲ್ಲು ಅದು. ಆ ಹಿಂಸೆಯನ್ನು ಪೂಜೆ ಮಾಡಿದೆವು. ಸಣ್ಣಾಟದಲ್ಲಿ ಪಾತ್ರ ಮಾಡಿದ ಹೆಣ್ಣುಮಕ್ಕಳಿಗೆ ರಾತ್ರಿ ಚಪ್ಪಾಳೆ ಹೊಡೆದವರೇ ಹಗಲು ಹೆಸರಿಟ್ಟು ಕರೆದರು. ಹೋಳಿಯ ಮಾತಿನ ಸ್ವಾತಂತ್ರ್ಯ ಗಂಡಸರಿಗಷ್ಟೇ ಇತ್ತು. ಇದನ್ನು ಮರೆಯಬಾರದು.

ಆದರೂ ಒಂದು ಮಾತು ನಿಜ. ಎಲ್ಲದಕ್ಕೂ ಒಂದು ದಿನ, ಒಂದು ಜಾಗ, ಸುತ್ತ ಮಂದಿ ಇತ್ತು. ತಪ್ಪು ಮಾಡಿದವನಿಗೆ ಕಥೆಯೊಳಗೇ ಲೆಕ್ಕ ಚುಕ್ತಾ ಆಗುತ್ತಿತ್ತು.

ಸರಕಾರದ ಕತ್ತರಿ ಬಂತು

ಮುಂದೆ ಏನು ತೋರಿಸಬೇಕು ಎಂದು ಊರಿನವರ ಬದಲು ಸರಕಾರ ಹೇಳತೊಡಗಿತು. 1876ರಲ್ಲಿ ಬ್ರಿಟಿಷರು ನಾಟಕ ಪ್ರದರ್ಶನ ಕಾಯ್ದೆ ತಂದರು. ಸರಕಾರದ ಮೇಲೆ ಅಸಮಾಧಾನ ಹುಟ್ಟಿಸುವ ನಾಟಕ, ಒಬ್ಬರ ಮಾನ ಕಳೆಯುವ ನಾಟಕ, ನೋಡುವವರ ನಡತೆ ಕೆಡಿಸುವ ನಾಟಕ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರು.

ಆಗ ನಮ್ಮ ಭಾಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಸವಣೂರು ಅದರ ನಡುವೆ ನವಾಬರ ಪುಟ್ಟ ಸಂಸ್ಥಾನ. ಮರಾಠಿ ಕಂಪನಿ ನಾಟಕಗಳ ಗಾಳಿ ನಮ್ಮ ಕಡೆ ಜೋರಾಗಿತ್ತು. 1907ರಲ್ಲಿ ಕೆ. ಪಿ. ಖಾಡಿಲ್ಕರ್ ಅವರ ಮರಾಠಿ ನಾಟಕ ಕೀಚಕವಧ ರಂಗಕ್ಕೆ ಬಂತು. ದ್ರೌಪದಿಯ ಮೇಲೆ ಕಣ್ಣು ಹಾಕಿದ ಕೀಚಕನನ್ನು ಭೀಮ ಕೊಲ್ಲುವ, ನಮ್ಮ ದೊಡ್ಡಾಟದವರಿಗೂ ಗೊತ್ತಿದ್ದ ಕಥೆಯೇ. ಆದರೆ ಜನ ಕೀಚಕನಲ್ಲಿ ವೈಸರಾಯ್ ಕರ್ಜನ್‌ನನ್ನು ಕಂಡರು, ದ್ರೌಪದಿಯಲ್ಲಿ ದೇಶವನ್ನು ಕಂಡರು. 1910ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಕಥೆಯಲ್ಲಿ ಕಾಮ ಇತ್ತು, ಕೊಲೆ ಇತ್ತು. ಸರಕಾರಕ್ಕೆ ಎರಡೂ ಚಿಂತೆಯಾಗಿರಲಿಲ್ಲ. ಯಾರು ಯಾರನ್ನು ಕೊಲ್ಲುತ್ತಾರೆ ಅನ್ನುವುದಷ್ಟೇ ಚಿಂತೆ.

ಸಿನಿಮಾ ಬಂದ ಮೇಲೆ 1918ರಲ್ಲಿ ಅದಕ್ಕೂ ಕಾಯ್ದೆ ಬಂತು. 1921ರ ಭಕ್ತ ವಿದುರ ಎಂಬ ಮೂಕಿ ಚಿತ್ರದಲ್ಲಿ ವಿದುರ ಗಾಂಧೀಜಿಯಂತೆ ಕಾಣುತ್ತಾನೆ ಎಂದು ಮದ್ರಾಸಿನಲ್ಲಿ ನಿಲ್ಲಿಸಿದರು. ಆ ದಿನಗಳಲ್ಲಿ ಬ್ರಿಟಿಷರಿಗೆ ಇನ್ನೊಂದು ಭಯ ಇತ್ತು. ಹಾಲಿವುಡ್ ಚಿತ್ರಗಳಲ್ಲಿ ಬಿಳಿ ಹೆಂಗಸರು ಮುತ್ತಿಡುವುದನ್ನು ನೋಡಿದರೆ ಭಾರತೀಯರಿಗೆ ದೊರೆಗಳ ಮೇಲಿನ ಗೌರವ ಹೋಗುತ್ತದೆ ಎಂಬ ಭಯ. 1927ರಲ್ಲಿ ನೇಮಕವಾದ ರಂಗಾಚಾರಿಯರ್ ಸಮಿತಿಯ ಮುಂದೆ ಈ ಮಾತೂ ಬಂದಿತ್ತು.

ಅದೇ ಕಾಲದಲ್ಲಿ ಭಾರತೀಯ ಚಿತ್ರಗಳಲ್ಲಿ ಮುತ್ತು ಇತ್ತು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. 1933ರ ಕರ್ಮ ಚಿತ್ರದಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್ ಅವರ ಮುತ್ತಿನ ದೃಶ್ಯ ಇತ್ತು. ಇಬ್ಬರೂ ನಿಜ ಜೀವನದಲ್ಲಿ ಗಂಡ ಹೆಂಡತಿ. ಮರುವರ್ಷ, 1934ರಲ್ಲಿ, ಕನ್ನಡದ ಮೊದಲ ಟಾಕಿ ಸತಿ ಸುಲೋಚನ ಬಂತು.

ಸ್ವಾತಂತ್ರ್ಯ ಬಂದ ಮೇಲೆ ಕತ್ತರಿ ನಮ್ಮವರ ಕೈಗೆ ಬಂತು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಇಂದಿಗೂ ಇದೆ. ಮುತ್ತು ಪರದೆಯಿಂದ ಮಾಯವಾಯಿತು. ಅದರ ಬದಲು ಎರಡು ಹೂವು ಮುಖಕ್ಕೆ ಮುಖ ತಾಗಿಸತೊಡಗಿದವು. 1969ರಲ್ಲಿ ನ್ಯಾಯಮೂರ್ತಿ ಖೋಸ್ಲಾ ಸಮಿತಿ, ಕಥೆಗೆ ಬೇಕಿದ್ದರೆ ಮುತ್ತನ್ನು ತೋರಿಸಬಹುದು ಎಂದು ವರದಿ ಕೊಟ್ಟಿತು. ಮರುವರ್ಷ ಕೆ. ಎ. ಅಬ್ಬಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೆನ್ಸಾರ್ ಇರಲಿ, ಆದರೆ ಅದಕ್ಕೆ ಸ್ಪಷ್ಟ ನಿಯಮ ಬೇಕು ಎಂದಿತು. ಮುಂಬೈನ ಕೆಂಪು ದೀಪದ ಓಣಿಯ ಕೆಲವು ದೃಶ್ಯಗಳನ್ನು ತೆಗೆಯಿರಿ ಎಂದಿದ್ದೇ ಆ ಪ್ರಕರಣದ ಮೂಲ.

ಈ ಕಾಲದ್ದೇ ಒಂದು ವಿಚಿತ್ರ ನೋಡಿ. ಇಬ್ಬರು ಇಷ್ಟಪಟ್ಟು ಕೊಡುವ ಮುತ್ತು ಪರದೆ ಮೇಲೆ ಬರುವಂತಿರಲಿಲ್ಲ. ಆದರೆ 1970, 80ರ ದಶಕದ ಎಷ್ಟೋ ಸಿನಿಮಾಗಳಲ್ಲಿ ಖಳನಾಯಕ ಹೆಣ್ಣಿನ ಸೀರೆ ಎಳೆಯುವ ದೃಶ್ಯ ಇರಲೇಬೇಕಿತ್ತು. ಅದು ಹೊಡೆದಾಟದ ಲೆಕ್ಕದಲ್ಲಿ ಪಾಸಾಗುತ್ತಿತ್ತು. ಟೂರಿಂಗ್ ಟಾಕೀಸಿನ ನೆಲದಲ್ಲಿ ಕೂತವರಲ್ಲಿ ಕೆಲವರು ಸೀಟಿಯನ್ನೂ ಹೊಡೆಯುತ್ತಿದ್ದರು. ಒಪ್ಪಿಗೆ ಇದ್ದದ್ದಕ್ಕೆ ಕತ್ತರಿ, ಒಪ್ಪಿಗೆ ಇಲ್ಲದ್ದಕ್ಕೆ ಟಿಕೆಟ್ಟು. ನಮ್ಮ ತಲೆಯಲ್ಲಿ ಇವತ್ತು ಇರುವ ಗೊಂದಲಕ್ಕೆ ಇದೂ ಒಂದು ಬೇರು ಎಂದು ನಮಗೆ ಅನ್ನಿಸುತ್ತದೆ.

1996ರಲ್ಲಿ ಬ್ಯಾಂಡಿಟ್ ಕ್ವೀನ್ ಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಗಂಟನ್ನು ಸ್ವಲ್ಪ ಬಿಡಿಸಿತು. ಫೂಲನ್ ದೇವಿಯನ್ನು ಬೆತ್ತಲೆ ಮಾಡಿ ಊರಲ್ಲಿ ನಡೆಸುವ ದೃಶ್ಯ ಆಸೆ ಹುಟ್ಟಿಸಲಿಕ್ಕೆ ಇಟ್ಟದ್ದಲ್ಲ, ಹಾಗೆ ಮಾಡಿದವರ ಮೇಲೆ ಹೇಸಿಗೆ ಹುಟ್ಟಿಸಲಿಕ್ಕೆ ಇಟ್ಟದ್ದು ಎಂದು ಹೇಳಿ ಚಿತ್ರಕ್ಕೆ ದಾರಿ ಬಿಟ್ಟಿತು. ಏನು ತೋರಿಸಿದರು ಎನ್ನುವುದರ ಜತೆಗೆ ಯಾಕೆ ತೋರಿಸಿದರು ಎಂದೂ ಕೇಳಬೇಕು ಎಂದಂತಾಯಿತು.

ಬೇರೆ ದೇಶದವರ ಪಡಸಾಲೆ

ಎಲ್ಲ ದೇಶದಲ್ಲೂ ಹೀಗೇ ಇದೆಯೇ ಎಂದು ಮೊದಲು ಕೇಳಿದ್ದೆವಲ್ಲ. ಇಲ್ಲ.

ಸ್ವೀಡನ್ ದೇಶ 1911ರಲ್ಲೇ ಸಿನಿಮಾ ಸೆನ್ಸಾರ್ ಶುರು ಮಾಡಿತು. ಅಲ್ಲಿನವರಿಗೆ ಹೆಚ್ಚು ಚಿಂತೆ ಹಿಂಸೆಯದು. 1982ರಲ್ಲಿ ಬಂದ ಇ.ಟಿ. ಎಂಬ ಅಮೆರಿಕದ ಸಿನಿಮಾ ಗೊತ್ತಿರಬಹುದು, ಬೇರೆ ಗ್ರಹದ ಜೀವಿ ಒಬ್ಬ ಹುಡುಗನ ಗೆಳೆಯನಾಗುವ ಕಥೆ. ಜಗತ್ತಿನ ಮಕ್ಕಳೆಲ್ಲ ನೋಡಿದರು. ಸ್ವೀಡನ್ ಮಾತ್ರ 11 ವರ್ಷದ ಒಳಗಿನವರಿಗೆ ಬೇಡ ಎಂದಿತು. ದೊಡ್ಡವರು ಮಕ್ಕಳನ್ನು ಹೆದರಿಸುವಂತೆ ತೋರಿಸಿದ್ದಾರೆ ಎನ್ನುವುದೇ ಆಕ್ಷೇಪ.

ಅದೇ ಸ್ವೀಡನ್ನಿನಲ್ಲಿ 1967ರಲ್ಲಿ ಬೆತ್ತಲೆ ದೃಶ್ಯಗಳಿದ್ದ "ಐ ಆ್ಯಮ್ ಕ್ಯೂರಿಯಸ್ (ಯೆಲ್ಲೋ)" ಎಂಬ ಚಿತ್ರ ಥಿಯೇಟರಿನಲ್ಲಿ ಓಡಿತು. ಅಮೆರಿಕಕ್ಕೆ ಕಳಿಸಿದಾಗ 1968ರಲ್ಲಿ ಅಲ್ಲಿನ ಕಸ್ಟಮ್ಸ್ ಅಧಿಕಾರಿಗಳು ರೀಲನ್ನೇ ಜಪ್ತಿ ಮಾಡಿದರು. ಬಂದೂಕಿನ ಸಿನಿಮಾಗಳು ಮಾತ್ರ ಅಮೆರಿಕದಲ್ಲಿ ಮೊದಲಿನಿಂದಲೂ ಮನೆಮಂದಿಯ ಮನರಂಜನೆ.

1984ರಲ್ಲಿ ಅಮೆರಿಕದಲ್ಲೂ ಒಂದು ಗಲಾಟೆಯಾಯಿತು. ಇಂಡಿಯಾನಾ ಜೋನ್ಸ್ ಸರಣಿಯ ಚಿತ್ರವೊಂದರಲ್ಲಿ ಬದುಕಿರುವ ಮನುಷ್ಯನ ಎದೆಯಿಂದ ಹೃದಯ ಕೀಳುವ ದೃಶ್ಯ ಇತ್ತು. ಕಥೆ ನಡೆಯುವುದು ಭಾರತದಲ್ಲಿ! ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಿಗಳು ಸಿಟ್ಟಾದರು. 13 ವರ್ಷದೊಳಗಿನವರ ಬಗ್ಗೆ ಪಾಲಕರಿಗೆ ಎಚ್ಚರಿಕೆ ಕೊಡುವ ಹೊಸ ಗುರುತು ಹುಟ್ಟಿದ್ದು ಆ ವರ್ಷವೇ.

ಸ್ವೀಡನ್ನಿನವರು ನಾಚಿಕೆ ಬಿಟ್ಟವರು ಅಂತಲ್ಲ. ಅವರು 1955ರಲ್ಲೇ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕಡ್ಡಾಯ ಮಾಡಿದ್ದರು. 1979ರಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಿಂದಲೇ ನಿಲ್ಲಿಸಿದರು. ಹಾಗೆ ಮಾಡಿದ ಮೊದಲ ದೇಶ ಅದೇ. ಮನೆಯಲ್ಲಿ ಏಟು ಸಹಜವಲ್ಲ ಅಂದಮೇಲೆ ಪರದೆಯ ಏಟೂ ಕಣ್ಣಿಗೆ ಚುಚ್ಚುತ್ತದೆ. ನಮ್ಮಲ್ಲಿ ಮಕ್ಕಳ ಬೆನ್ನಿಗೆ ಏಟು ಬಿದ್ದರೆ ಸುದ್ದಿಯಲ್ಲ, ಗಂಡ ಹೆಂಡತಿ ಜನರೆದುರು ಕೈ ಹಿಡಿದು ನಡೆದರೆ ಸುದ್ದಿ. ಪಡಸಾಲೆಯ ಟಿವಿ ಮುಂದೆಯೂ ಅದೇ ಲೆಕ್ಕ.

ಲಾಂಗು ಕೈಗೆ ಬಂತು

1995ರಲ್ಲಿ ಉಪೇಂದ್ರ ನಿರ್ದೇಶನದ, ಶಿವರಾಜಕುಮಾರ್ ನಟಿಸಿದ ಓಂ ಬಂತು. ಬೆಂಗಳೂರಿನ ಭೂಗತ ಲೋಕದ ಕಥೆ. ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದರು. 2005ರಲ್ಲಿ ಜೋಗಿ ಬಂತು. ಲಾಂಗು ಅನ್ನುವ ಮಾತು ಹಳ್ಳಿ ಹುಡುಗರ ಬಾಯಿಗೂ ಬಂತು. ಈ ಚಿತ್ರಗಳಲ್ಲಿ ತಾಯಿಯ ಕಣ್ಣೀರು ಇತ್ತು, ರೌಡಿತನದಿಂದ ಹಾಳಾದ ಬದುಕೂ ಇತ್ತು, ಒಪ್ಪೋಣ. ಆದರೆ ನೆನಪಿನಲ್ಲಿ ಉಳಿದದ್ದು, ಬ್ಯಾನರಿನ ಮೇಲೆ ಬಂದದ್ದು ಲಾಂಗು ಹಿಡಿದ ಕೈ. 2022ರ ಕೆಜಿಎಫ್ ಚಾಪ್ಟರ್ 2ಕ್ಕೆ ಸಿಕ್ಕಿದ್ದು ಯುಎ ಸರ್ಟಿಫಿಕೇಟು. ಅಂದರೆ ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು. ಇಂಥ ಚಿತ್ರ ನಾವೂ ನೋಡಿದ್ದೇವೆ, ಸೀಟಿ ನಾವೂ ಹೊಡೆದಿದ್ದೇವೆ.

ವೀರಗಲ್ಲಿನಲ್ಲಿ ಸತ್ತವನು ವೀರನಾಗಿದ್ದ. ಇಲ್ಲಿ ಕೊಂದವನು ವೀರ. ಸತ್ತ ಮೂವತ್ತು ಮಂದಿಗೆ ಹೆಸರೂ ಇಲ್ಲ.

2016ರಲ್ಲಿ ಡೇಟಾ ಅಗ್ಗವಾಯಿತು, ಮೊಬೈಲು ಎಲ್ಲರ ಕೈಗೆ ಬಂತು. ಆಗ ಪಡಸಾಲೆಯೇ ಇಲ್ಲದಾಯಿತು. ಪಕ್ಕದಲ್ಲಿ ಅತ್ತೆಯೂ ಇಲ್ಲ, ಮಾವನೂ ಇಲ್ಲ. ಮುಜುಗರ ಮಾಡಿಕೊಳ್ಳಲಿಕ್ಕೆ ಯಾರೂ ಇಲ್ಲ, ಮರುದಿನ ತಪ್ಪು ಯಾರದು ಎಂದು ವಾದ ಮಾಡಲಿಕ್ಕೂ ಯಾರೂ ಇಲ್ಲ. 2023ರ ತಿದ್ದುಪಡಿಯಲ್ಲಿ ಯುಎ ಸರ್ಟಿಫಿಕೇಟಿಗೆ 7, 13, 16 ವರ್ಷ ಎಂಬ ಮೂರು ಮೆಟ್ಟಿಲು ಮಾಡಿದ್ದಾರೆ, ಒಳ್ಳೆಯದೇ. ಆದರೆ ವಾಟ್ಸ್ಆ್ಯಪಿನಲ್ಲಿ ಬರುವ ವಿಡಿಯೊಕ್ಕೆ ಸರ್ಟಿಫಿಕೇಟು ಯಾರು ಕೊಡಬೇಕು?

ನಮ್ಮ ಫೋನಿಗೆ ಬಂದ ವಿಡಿಯೊ

2024ರ ಜನವರಿ. ಹಾನಗಲ್ಲಿನ ಲಾಡ್ಜ್ ಒಂದಕ್ಕೆ ಒಂದು ಗುಂಪು ನುಗ್ಗಿತು. ಒಳಗಿದ್ದದ್ದು ಬೇರೆ ಬೇರೆ ಧರ್ಮದ ಗಂಡು ಹೆಣ್ಣು. ಅವರನ್ನು ಹೊಡೆದರು, ಎಳೆದಾಡಿದರು, ಅದನ್ನು ತಾವೇ ಮೊಬೈಲಿನಲ್ಲಿ ಚಿತ್ರೀಕರಿಸಿ ಹರಿಬಿಟ್ಟರು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರವೂ ನಡೆಯಿತು ಎಂದು ಆ ಮಹಿಳೆ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟರು. 2025ರ ಮೇ ತಿಂಗಳಲ್ಲಿ ಕೆಲವು ಆರೋಪಿಗಳಿಗೆ ಜಾಮೀನು ಸಿಕ್ಕಾಗ ಹಾವೇರಿಯಿಂದ ಅಕ್ಕಿಆಲೂರಿನ ತನಕ ಕಾರು ಬೈಕುಗಳಲ್ಲಿ ಮೆರವಣಿಗೆ ನಡೆಯಿತು. ಅದರ ವಿಡಿಯೊವೂ ಹರಿದಾಡಿತು. ಪೊಲೀಸರು ಮತ್ತೆ ಕೇಸು ಹಾಕಿದರು. ತಪ್ಪು ಯಾರದು ಎಂದು ತೀರ್ಪು ಹೇಳುವುದು ಕೋರ್ಟಿನ ಕೆಲಸ. ನಾವು ಬರೆಯಬೇಕಾದದ್ದು ನೋಡಿದವರ ಬಗ್ಗೆ, ಅಂದರೆ ನಮ್ಮ ಬಗ್ಗೆ.

ಆ ಮೊದಲ ವಿಡಿಯೊ ನಮ್ಮ ಫೋನುಗಳಿಗೂ ಬಂದಿತ್ತು. ಊರಿನ ಗ್ರೂಪಿನಲ್ಲಿ, ಹಬ್ಬದ ಶುಭಾಶಯದ ಕೆಳಗೆ. ನಮ್ಮಲ್ಲಿ ಕೆಲವರು ತೆರೆದು ಕೊನೆಯ ತನಕ ನೋಡಿದರು, ಆಮೇಲೆ ಅಳಿಸಿದರು. ಪತ್ರಿಕೋದ್ಯಮ ಓದಿದವರು ನಾವು, ಆದರೂ ಗ್ರೂಪಿನಲ್ಲಿ "ಇದನ್ನು ಯಾಕೆ ಹಾಕಿದಿರಿ" ಎಂದು ಆ ದಿನ ಒಬ್ಬರೂ ಕೇಳಲಿಲ್ಲ. ಅದೇ ಗ್ರೂಪಿಗೆ ಯಾರೋ ಮುತ್ತಿನ ವಿಡಿಯೊ ಹಾಕಿದ್ದರೆ? ಹತ್ತು ನಿಮಿಷದಲ್ಲಿ ಅವನನ್ನು ಹೊರಗೆ ಹಾಕುತ್ತಿದ್ದರು. "ಅಕ್ಕತಂಗೇರು ಇರೋ ಗ್ರೂಪ್ ಐತಿ, ತಿಳೀತದನ ನಿನಗ?" ಎಂದು ಬೈಯುತ್ತಿದ್ದರು. ಹೆಣ್ಣನ್ನು ಹೊಡೆಯುವ ವಿಡಿಯೊ ಹಾಕಿದಾಗ ಆ ಅಕ್ಕತಂಗಿಯರು ಯಾರಿಗೂ ನೆನಪಾಗಲಿಲ್ಲ.

ಇಷ್ಟು ದೂರದ ಇತಿಹಾಸ ಬರೆದದ್ದು ಇದಕ್ಕಾಗಿಯೇ. ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿ ನಾಚುವುದನ್ನು ನಮ್ಮ ಹಿರಿಯರು ಕಲಿಸಿದರು. ಅದು ಕೆಟ್ಟದ್ದೇನಲ್ಲ. ಆದರೆ ನಾವು ಅದನ್ನು ಪೂರ್ತಿ ಉಳಿಸಿಕೊಳ್ಳಲಿಲ್ಲ. ಮುತ್ತಿನ ನಾಚಿಕೆ ಇಟ್ಟುಕೊಂಡು ಮಚ್ಚಿನ ನಾಚಿಕೆ ಕಳೆದುಕೊಂಡೆವು. ಸಂಗ್ಯಾ ಸತ್ತಾಗ ಅತ್ತ ಮಂದಿಯ ಮೊಮ್ಮಕ್ಕಳು ನಾವು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮಕ್ಕಳು ಫೋನು ನೋಡುವಾಗ ಆಗಾಗ ಪಕ್ಕದಲ್ಲಿ ಕೂತುಕೊಳ್ಳಿ. ಹೊಡೆದಾಟ ಬಂದರೆ "ಇವ ಯಾಕ ಹೊಡದ? ಸತ್ತವನ ಮನಿಯವರು ಏನ್ ಮಾಡ್ತಾರ?" ಎಂದು ಕೇಳಿ. ಪ್ರೀತಿಯ ದೃಶ್ಯ ಬಂದರೆ ಚಾನೆಲ್ ಬದಲಿಸಿದರೂ ಪರವಾಗಿಲ್ಲ, ಆದರೆ ಮಗ ಮಗಳು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಜೋಕುಮಾರನ ಹಾಡು ಹಾಡಿದ ಅಜ್ಜಿಯರ ಊರು ನಮ್ಮದು, ಉತ್ತರ ಕೊಡಲಿಕ್ಕೆ ನಮಗೆ ಮಾತು ಸಿಗುತ್ತದೆ.

ಯಾರನ್ನಾದರೂ ಹೊಡೆಯುವ, ಮಾನ ಕಳೆಯುವ ವಿಡಿಯೊ ಬಂದರೆ ಮುಂದೆ ಕಳಿಸಬೇಡಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಎರಡು ವರ್ಷದ ತನಕ ಜೈಲು ಆಗಬಹುದು. ಲೈಂಗಿಕ ಕ್ರಿಯೆಯ ದೃಶ್ಯ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನ ಪ್ರಕಾರ ಮೊದಲ ಸಲಕ್ಕೇ ಐದು ವರ್ಷದ ತನಕ ಶಿಕ್ಷೆ ಇದೆ. "ನಾ ಮಾಡಿಲ್ರೀ, ಬಂದದ್ದು ಕಳಿಸೀನಿ ಅಷ್ಟs" ಎಂದರೆ ಕಾನೂನು ಕೇಳುವುದಿಲ್ಲ. ಗ್ರೂಪಿನಲ್ಲಿ ಒಬ್ಬರು "ಇದನ್ನು ತೆಗೀರಿ" ಎಂದು ಬರೆದರೂ ಸಾಕು. ಆ ದಿನ ನಾವು ಬರೆಯಲಿಲ್ಲ. ಇನ್ನು ಮುಂದೆ ಬರೆಯುತ್ತೇವೆ.

ನಿಮ್ಮೂರಿನಲ್ಲಿ ಸಂಗ್ಯಾ ಬಾಳ್ಯಾ ಆಡಿದವರು, ನೋಡಿದವರು ಇನ್ನೂ ಇದ್ದರೆ ಹೋಗಿ ಮಾತಾಡಿಸಿ. ಸಂಗ್ಯಾ ಸಾಯುವ ಹೊತ್ತಿಗೆ ಮಂದಿ ಏನು ಮಾಡುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ನಮಗೂ ಬರೆದು ಕಳಿಸಿ.